ಯಾರ್ಕ್ ರಸ್ತೆಯ ಸುದ್ದಿಮನೆ

ಷಿಕಾಗೋ ನಗರಕ್ಕೆ ಹೋಗಿಬಂದವರು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ವರ್ಣಿಸುತ್ತಾರೆ: ಸಮುದ್ರದಂತೆ ಕಾಣುವ ಮಿಷಿಗನ್ ಸರೋವರ, ಮುಗಿಲು ಮುಟ್ಟುವ ಕಟ್ಟಡಗಳು, ಮತ್ತು 1893ರಲ್ಲಿ ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸ್ಥಳ. ಈ ಮೂರನ್ನೂ ನಾನು ನೋಡಿದ್ದೇನೆ. ವರ್ಣಿಸಬಲ್ಲವರು ಆಗಲೇ ವರ್ಣಿಸಿದ್ದಾರೆ. ನಾನು ಹೇಳಹೊರಟಿರುವುದು ಆ ನಗರದ ಪಶ್ಚಿಮಕ್ಕಿರುವ ಓಕ್ ಬ್ರೂಕ್ ಎಂಬ ಊರಿನಲ್ಲಿದ್ದ ಒಂದು ಸುದ್ದಿಮನೆಯ ವಿಚಾರ. ಪ್ರವಾಸಿಗರ ಕೈಪಿಡಿಗಳಲ್ಲಿ ಅದರ ಹೆಸರು ಎಂದೂ ಇರಲಿಲ್ಲ. ಈಗ ಆ ಸುದ್ದಿಮನೆಯೂ ಇಲ್ಲ.

1995ರ ಜೂನ್ ತಿಂಗಳಿನಲ್ಲಿ ನಮ್ಮ ತಾಯಿಯವರನ್ನು ಕರೆದುಕೊಂಡು ನಾನು ನೇಪರ್‌ವಿಲ್‌ನಲ್ಲಿ ನೆಲೆಸಿದ್ದ ಅಣ್ಣನ ಮನೆಗೆ ಹೋದೆನು. ನೇಪರ್‌ವಿಲ್ ಷಿಕಾಗೋವಿನಿಂದ ಸುಮಾರು 30 ಮೈಲಿ. ಅಮ್ಮನಿಗೆ ಆಗ ಅರವತ್ತೆರಡು ವರ್ಷ. ಚಿತ್ರದುರ್ಗದ ಒಂದು ಬೀದಿಯಲ್ಲಿ ಹುಟ್ಟಿ, ಅದರ ಪಕ್ಕದ ಬೀದಿಗೆ ಸೊಸೆಯಾಗಿ ಬಂದು, ಜಗಲಿಯ ಮೇಲೆ ಕುಳಿತೇ ಊರಿನ ಸಮಸ್ತ ವರ್ತಮಾನವನ್ನೂ ತಿಳಿದುಕೊಳ್ಳುತ್ತಿದ್ದವಳು ಆಕೆ. ಅಲ್ಲಿಯೋ, ಬೆಳಿಗ್ಗೆ ಏಳೂವರೆಗೆ ಅಣ್ಣ ಅತ್ತಿಗೆ ಇಬ್ಬರೂ ಕೆಲಸಕ್ಕೆ ಹೊರಟರೆಂದರೆ ಸಂಜೆಯವರೆಗೆ ಬೀದಿಯಲ್ಲಿ ನರಪಿಳ್ಳೆಯ ಸುಳಿವಿಲ್ಲ. ತರಕಾರಿಯವಳ ಕೂಗಿಲ್ಲ, ಹಾಲಿನವನ ಗಂಟೆಯಿಲ್ಲ. ಒಂದೇ ಎತ್ತರಕ್ಕೆ ಕತ್ತರಿಸಿದ ಹುಲ್ಲು, ಮುಚ್ಚಿದ ಬಾಗಿಲುಗಳು. ಮೂರನೆಯ ದಿನ ಅಮ್ಮ ಕೇಳಿದಳು: "ಇಲ್ಲಿ ಜನ ಇದ್ದಾರೇನೋ, ಇಲ್ಲ ಮನೆಗಳನ್ನು ಮಾತ್ರ ಕಟ್ಟಿಟ್ಟಿದ್ದಾರೋ?"

ಅಣ್ಣ ನಕ್ಕು ಟೆಲಿವಿಷನ್ ಹಾಕಿ, ಗುಂಡಿಯನ್ನೊತ್ತಿ ಒಂದು ವಾಹಿನಿಯಲ್ಲಿ ನಿಲ್ಲಿಸಿದನು. "ಅಮ್ಮ, ಇದೊಂದನ್ನು ನೋಡು. ಇದು ಬರೀ ನಮ್ಮ ಸುತ್ತಲಿನ ಊರುಗಳದ್ದು. ದಿನವೆಲ್ಲ ಬರುತ್ತದೆ."

ಅದರ ಹೆಸರು ಷಿಕಾಗೋಲ್ಯಾಂಡ್ ಟೆಲಿವಿಷನ್. ಎಲ್ಲರ ಬಾಯಲ್ಲಿ ಸಿ.ಎಲ್.ಟಿ.ವಿ. ಹುಟ್ಟಿದ್ದು 1993ರ ಜನವರಿ 1ರಂದು. ದಿನದ ಇಪ್ಪತ್ತನಾಲ್ಕು ಗಂಟೆಯೂ ಒಂದು ನಗರದ ಮತ್ತು ಅದರ ಸುತ್ತಲಿನ ಉಪನಗರಗಳ ಸುದ್ದಿಯನ್ನೇ ಹೇಳುತ್ತಿರುವ ಕೇಬಲ್ ವಾಹಿನಿಗಳು ಆ ದೇಶದಲ್ಲಿ ಆಗತಾನೇ ತಲೆಯೆತ್ತುತ್ತಿದ್ದವು. ನ್ಯೂಯಾರ್ಕಿನ ಪಕ್ಕದ ಲಾಂಗ್ ಐಲೆಂಡಿನಲ್ಲಿ 1986ರಲ್ಲಿ ನ್ಯೂಸ್ 12, ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ 1990ರಲ್ಲಿ ಒಂದು, ನ್ಯೂಯಾರ್ಕ್ ನಗರದಲ್ಲಿ 1992ರಲ್ಲಿ ಎನ್‌ವೈ1; ಆಮೇಲೆ ಷಿಕಾಗೋವಿನ ಸರದಿ.

ಷಿಕಾಗೋಲ್ಯಾಂಡ್ ಎಂಬ ಮಾತಿಗೇ ಒಂದು ಕಥೆಯುಂಟು. ಭೂಪಟದಲ್ಲಿ ಅಂತಹ ಊರಾಗಲಿ ಜಿಲ್ಲೆಯಾಗಲಿ ಇಲ್ಲ. ಷಿಕಾಗೋ ಟ್ರಿಬ್ಯೂನ್ ಪತ್ರಿಕೆಯನ್ನು ದೀರ್ಘಕಾಲ ಆಳಿದ ಕರ್ನಲ್ ರಾಬರ್ಟ್ ಮ್ಯಾಕ್‌ಕಾರ್ಮಿಕ್ ಎಂಬ ದೊರೆಯಂತಹ ಮನುಷ್ಯನ ಕಾಲದಲ್ಲಿ, 1920ರ ದಶಕದಲ್ಲಿ, ಆ ಪತ್ರಿಕೆಯೇ ಇದನ್ನು ಬಳಕೆಗೆ ತಂದಿತು. ತನ್ನ ಓದುಗರು ಎಲ್ಲೆಲ್ಲಿರುವರೋ ಅಲ್ಲೆಲ್ಲ ಷಿಕಾಗೋ ನಾಡು! ಅದೇ ಪತ್ರಿಕೆಯು ತನ್ನ ರೇಡಿಯೋ ಮತ್ತು ಟೆಲಿವಿಷನ್ ನಿಲಯಗಳಿಗೆ ಇಟ್ಟ ಹೆಸರು ಡಬ್ಲ್ಯು.ಜಿ.ಎನ್.; ಬಿಡಿಸಿ ಹೇಳಿದರೆ "ಪ್ರಪಂಚದ ಅತ್ಯಂತ ಶ್ರೇಷ್ಠ ವೃತ್ತಪತ್ರಿಕೆ" ಎಂಬುದರ ಮೊದಲಕ್ಷರಗಳು. ವಿನಯವು ಆ ಮನೆತನದ ಗುಣವಾಗಿರಲಿಲ್ಲ. ನಗರದ ಜನರು ಮಕ್ಕಳು ಮರಿಗಳೊಡನೆ ಉಪನಗರಗಳಿಗೆ ವಲಸೆ ಹೋದಂತೆಲ್ಲ ಓದುಗರೂ ಜಾಹೀರಾತುದಾರರೂ ಅವರ ಹಿಂದೆ ಹೋದರು. ಪತ್ರಿಕೆಯ ಒಡೆತನದವರು ಅವರನ್ನು ಹಿಂಬಾಲಿಸಿ, ಉಪನಗರಗಳ ನಡುವಿನ ಓಕ್ ಬ್ರೂಕಿನಲ್ಲಿ, ಯಾರ್ಕ್ ರಸ್ತೆಯಲ್ಲಿ, ಈ ಸುದ್ದಿಮನೆಯನ್ನು ತೆರೆದರು. ನಗರದ ದೊಡ್ಡ ವಾಹಿನಿಗಳಿಗೆ ಉಪನಗರಗಳು ಕಣ್ಣಿಗೆ ಬೀಳುತ್ತಿದ್ದುದು ಕೊಲೆಯೋ ಬೆಂಕಿಯೋ ಆದಾಗ ಮಾತ್ರ. ಇವರಿಗಾದರೋ ಶಾಲೆಯ ಹುಡುಗರ ಫುಟ್‌ಬಾಲ್ ಪಂದ್ಯವೂ ಸುದ್ದಿ, ಹೊಳೆ ಉಕ್ಕಿ ಯಾರದೋ ನೆಲಮಾಳಿಗೆಗೆ ನೀರು ನುಗ್ಗಿದ್ದೂ ಸುದ್ದಿ.

ಅಮ್ಮ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಬಲ್ಲವಳಾಗಿದ್ದಳೇ ಹೊರತು ಮಾತು ಆಕೆಗೆ ತಿಳಿಯುತ್ತಿರಲಿಲ್ಲ. ಆದರೂ ಒಂದು ವಾರದಲ್ಲಿ ಆ ವಾಹಿನಿ ಆಕೆಗೆ ವಶವಾಯಿತು. ಹವಾಮಾನದ ನಕ್ಷೆ ಬಂದಾಗಲೆಲ್ಲ ಊರುಗಳ ಹೆಸರುಗಳನ್ನು ಒಂದು ಹಳೆಯ ದಿನಚರಿ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳುವಳು: ಎಲ್ಗಿನ್, ಅರೋರಾ, ಜೋಲಿಯೆಟ್, ವಾಕೀಗನ್. ಮುಂದೆ ಆ ದಿನದ ಬಿಸಿಲು. ತಿಂಗಳೊಳಗಾಗಿ ನನಗಿಂತ, ಹತ್ತು ವರ್ಷಗಳಿಂದ ಅಲ್ಲಿಯೇ ಇದ್ದ ಅತ್ತಿಗೆಗಿಂತ, ಆಕೆಗೆ ಆ ಪ್ರಾಂತ್ಯದ ದಿಕ್ಕುದೆಸೆಗಳು ಚೆನ್ನಾಗಿ ಗೊತ್ತಾಗಿದ್ದವು.

ಇದಕ್ಕಿಂತ ಸ್ವಾರಸ್ಯವಾದದ್ದು ರಸ್ತೆಗಳ ಸಂಗತಿ. ಷಿಕಾಗೋವಿನ ಹೆದ್ದಾರಿಗಳಿಗೆ ರಾಜಕಾರಣಿಗಳ ಹೆಸರುಗಳು. ಪಶ್ಚಿಮದಿಂದ ನಗರಕ್ಕೆ ಹೋಗುವುದು ಐಸೆನ್‌ಹೋವರ್. ನೈಋತ್ಯದಿಂದ ಹೋಗುವುದು ಸ್ಟೀವನ್‌ಸನ್. 1952ರಲ್ಲಿಯೂ 1956ರಲ್ಲಿಯೂ ಅಧ್ಯಕ್ಷ ಪದವಿಗಾಗಿ ಪರಸ್ಪರ ಸೆಣಸಿದ ಇಬ್ಬರು! ಅಣ್ಣ ಬೆಳಿಗ್ಗೆ ಕಾಫಿ ಕುಡಿಯುತ್ತಿರುವಾಗ ಅಮ್ಮ ಪಡಸಾಲೆಯಿಂದ ಕೂಗುವಳು: "ಈಸೆನೋವರಿನ ಮೇಲೆ ಲಾರಿ ಮಗುಚಿಕೊಂಡಿದೆ ಕಣೋ. ಇವತ್ತು ಸ್ಟೀವನ್‌ಸನ್ನಿನ ಮೇಲೆ ಹೋಗು." ಅಣ್ಣ ಮೊದಮೊದಲು ನಗುತ್ತಿದ್ದನು. ಒಂದು ದಿನ ಮಾತು ಕೇಳದೆ ಹೋಗಿ ಎರಡು ಗಂಟೆ ಸಿಕ್ಕಿಕೊಂಡ ಮೇಲೆ ಕೇಳಲಾರಂಭಿಸಿದನು. ಅಮೆರಿಕದ ಮತದಾರರಂತೆ ನಮ್ಮ ತಾಯಿಯವರು ಪ್ರತಿ ಬೆಳಿಗ್ಗೆ ಆ ಇಬ್ಬರಲ್ಲಿ ಒಬ್ಬರನ್ನು ಆರಿಸುತ್ತಿದ್ದರು.

ಜುಲೈ ಎರಡನೆಯ ವಾರ ಸೆಕೆ ಆರಂಭವಾಯಿತು. 13ನೆಯ ತಾರೀಖು ನಗರದ ಮಿಡ್‌ವೇ ವಿಮಾನ ನಿಲ್ದಾಣದಲ್ಲಿ ಉಷ್ಣಮಾನ 106 ಡಿಗ್ರಿಗೆ, ನಮ್ಮ ಲೆಕ್ಕದಲ್ಲಿ 41ಕ್ಕೆ, ಏರಿತು. ಅಮ್ಮನಿಗೆ ಇದೇನೂ ದೊಡ್ಡದೆನಿಸಲಿಲ್ಲ. "ಬಳ್ಳಾರಿಯ ಬೇಸಿಗೆ ಇದ್ದ ಹಾಗಾಯಿತು, ಅಷ್ಟೇ ತಾನೆ?" ಎಂದಳು. ಆದರೆ ಎರಡು ದಿನಗಳೊಳಗಾಗಿ ಟೆಲಿವಿಷನ್ನಿನಲ್ಲಿ ಬೇರೆಯೇ ಚಿತ್ರಗಳು ಬರಲಾರಂಭಿಸಿದವು. ಶವಪರೀಕ್ಷೆಯ ಕಚೇರಿಯ ಮುಂದೆ ಹಣ್ಣು ಮಾಂಸ ಸಾಗಿಸುವಂತಹ ಶೀತಲ ಲಾರಿಗಳು ಸಾಲಾಗಿ ನಿಂತಿದ್ದವು. ಒಳಗೆ ಸ್ಥಳವಿಲ್ಲದ್ದರಿಂದ ಹೆಣಗಳನ್ನು ಅವುಗಳಲ್ಲಿ ಇರಿಸುತ್ತಿದ್ದರು. ಆ ವಾರದ ಬಿಸಿಲಿನಿಂದ ನಗರದಲ್ಲಿ ಸತ್ತವರು ಏಳು ನೂರಕ್ಕೂ ಹೆಚ್ಚೆಂದು ಆಮೇಲೆ ಎಣಿಕೆ ಹಾಕಿದರು. ಬಹುಮಂದಿ ಮುದುಕರು, ಒಂಟಿಯಾಗಿದ್ದವರು. ಇಟ್ಟಿಗೆಯ ಹಳೆಯ ಕಟ್ಟಡಗಳ ಮೇಲಂತಸ್ತುಗಳಲ್ಲಿ, ಕಳ್ಳರ ಭಯದಿಂದ ಕಿಟಕಿಗಳನ್ನು ಭದ್ರಪಡಿಸಿಕೊಂಡು, ರಾತ್ರಿಯೂ ಇಳಿಯದ ಆರ್ದ್ರವಾದ ಸೆಕೆಯಲ್ಲಿ ಅವರು ಬೆಂದುಹೋಗಿದ್ದರು. ಬಾಗಿಲು ತಟ್ಟಿ ನೋಡುವವರು ಯಾರೂ ಇರಲಿಲ್ಲ.

ಅಣ್ಣ ಇದನ್ನು ಕನ್ನಡದಲ್ಲಿ ವಿವರಿಸಿದ ಮೇಲೆ ಅಮ್ಮ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಎದ್ದು ಅಡಿಗೆಮನೆಗೆ ಹೋಗಿ ಒಂದು ದೊಡ್ಡ ಚೆಂಬಿನಲ್ಲಿ ನೀರುಮಜ್ಜಿಗೆ ಮಾಡಿ, ಉಪ್ಪು ಶುಂಠಿ ಹಾಕಿ, ಸೆರಗು ಸರಿಮಾಡಿಕೊಂಡು ಹೊರಟಳು. "ಎಲ್ಲಿಗಮ್ಮಾ?" ಎಂದೆನು. "ಮೂರನೇ ಮನೆಯಲ್ಲಿ ಆ ಮುದುಕಿ ಒಬ್ಬಳೇ ಇದ್ದಾಳಲ್ಲ, ನೋಡಿಕೊಂಡು ಬರುತ್ತೇನೆ" ಎಂದಳು. ನಾನು ಹಿಂದೆಯೇ ಓಡಿದೆನು. ಆ ವೃದ್ಧೆ ಬಾಗಿಲು ತೆರೆದರು. ಒಳಗಿನಿಂದ ಹಿಮಾಲಯದ ಗಾಳಿಯಂತಹ ತಂಪು ಬೀಸಿತು. ಅವರ ಮನೆಯ ಹವಾನಿಯಂತ್ರಣ ನಮ್ಮದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತಿದ್ದಿತು. ಆಕೆ ಉಣ್ಣೆಯ ಶಾಲು ಹೊದ್ದುಕೊಂಡಿದ್ದರು! ನಾನು ಸಂಕೋಚದಿಂದ ವಿಷಯ ತಿಳಿಸಿದೆನು. ಆಕೆ ಒಮ್ಮೆ ಅಮ್ಮನ ಮುಖವನ್ನೂ ಒಮ್ಮೆ ಚೆಂಬನ್ನೂ ನೋಡಿ, ಅದೇನೆಂದು ಕೇಳದೆ ಒಂದು ಲೋಟ ಮಜ್ಜಿಗೆ ಕುಡಿದರು. ಆ ಬೀದಿಗೆ ಬಂದು ಒಂಬತ್ತು ವರ್ಷವಾಯಿತೆಂದೂ, ಕರೆಯದೆ ಬಾಗಿಲಿಗೆ ಬಂದ ನೆರೆಯವರು ನೀವೇ ಮೊದಲೆಂದೂ ಹೇಳಿದರು. ಮರುದಿನದಿಂದ ಅವರು ಮಧ್ಯಾಹ್ನ ನಮ್ಮಲ್ಲಿಗೆ ಬರುವುದು ರೂಢಿಯಾಯಿತು. ಒಬ್ಬರ ಮಾತು ಒಬ್ಬರಿಗೆ ತಿಳಿಯದ ಇಬ್ಬರು ಹೆಂಗಸರು ಅಕ್ಕಪಕ್ಕ ಕುಳಿತು ಸಿ.ಎಲ್.ಟಿ.ವಿ. ನೋಡುತ್ತಿದ್ದರು.

ಹಿಂದಿರುಗುವ ಮುಂಚೆ ಅಮ್ಮನಿಗೆ "ಆ ಹುಡುಗಿ ಸಮಾಚಾರ ಓದುವ ಮನೆ"ಯನ್ನು ನೋಡಬೇಕೆನಿಸಿತು. ಅಣ್ಣ ಒಂದು ಭಾನುವಾರ ಯಾರ್ಕ್ ರಸ್ತೆಗೆ ಕರೆದುಕೊಂಡು ಹೋದನು. ಒಳಗೆ ಬಿಡುವವರು ಯಾರು? ಹೊರಗಿನಿಂದಲೇ ನೋಡಿದೆವು. ನೆತ್ತಿಯ ಮೇಲೆ ಕಂಬ ಮಡಚಿಟ್ಟುಕೊಂಡ ಒಂದು ವ್ಯಾನು ನಿಂತಿದ್ದಿತು. ಅಮ್ಮ ನಿರಾಶಳಾದಳು. "ಇಷ್ಟೇಯೇ? ನಮ್ಮ ತಾಲ್ಲೂಕು ಕಚೇರಿಯ ಹಾಗಿದೆ" ಎಂದಳು.

ಅದೇ ರಸ್ತೆಯಲ್ಲಿ ಇನ್ನೂ ದಕ್ಷಿಣಕ್ಕೆ ಹೋದರೆ ಸಾಲ್ಟ್ ಕ್ರೀಕ್ ಎಂಬ ಹಳ್ಳದ ದಡದಲ್ಲಿ ಗ್ರೌ ಎಂಬವರ ಹಿಟ್ಟಿನ ಗಿರಣಿಯಿದೆ. ಫ್ರೆಡರಿಕ್ ಗ್ರೌ ಎಂಬ ಜರ್ಮನ್ ವಲಸೆಗಾರನು 1852ರಲ್ಲಿ ಕಟ್ಟಿದ್ದು. ಇಟ್ಟಿಗೆಯ ಗೋಡೆ, ಮಗ್ಗುಲಲ್ಲಿ ದೊಡ್ಡ ನೀರುಚಕ್ರ. ಸುತ್ತಲಿನ ರೈತರು ಜೋಳ ಗೋಧಿಗಳನ್ನು ಇಲ್ಲಿಗೆ ತರುತ್ತಿದ್ದರು. ಹಿಟ್ಟಾಗುವವರೆಗೆ ಊರಿನ ಸುದ್ದಿಯೆಲ್ಲ ಇಲ್ಲಿಯೇ ಕೈ ಬದಲಾಯಿಸುತ್ತಿದ್ದಿರಬೇಕು. ದಕ್ಷಿಣದ ರಾಜ್ಯಗಳಿಂದ ತಪ್ಪಿಸಿಕೊಂಡು ಬಂದ ಗುಲಾಮರನ್ನು ಗ್ರೌ ಈ ಗಿರಣಿಯ ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಮುಂದಕ್ಕೆ ಸಾಗಿಸಿದನೆಂದು ಹೇಳುತ್ತಾರೆ. ಕಾಲಕ್ರಮದಲ್ಲಿ ಗಿರಣಿ ನಿಂತು ಪಾಳುಬಿದ್ದು, 1930ರ ದಶಕದಲ್ಲಿ ಜೀರ್ಣೋದ್ಧಾರವಾಗಿ, ಆಮೇಲೆ ವಸ್ತುಸಂಗ್ರಹಾಲಯವಾಯಿತು. ಬೀಸುವ ಕಲ್ಲನ್ನು ಕಂಡು ಅಮ್ಮನಿಗೆ ಆದ ಸಂತೋಷ ಸುದ್ದಿಮನೆಯನ್ನು ಕಂಡು ಆಗಿರಲಿಲ್ಲ.

ನಾನು ಎರಡನೆಯ ಸಲ ಹೋದದ್ದು 2011ರ ಜನವರಿ ಕೊನೆಯಲ್ಲಿ. ಅಷ್ಟುಹೊತ್ತಿಗೆ ಅಮ್ಮ ಅಣ್ಣನೊಡನೆ ಅಲ್ಲಿಯೇ ಇದ್ದಳು. ನೆರೆಯ ವೃದ್ಧೆ ಕಾಲವಾಗಿದ್ದರು. ಫೆಬ್ರವರಿ 1 ಮತ್ತು 2ರಂದು ಹಿಮದ ಬಿರುಗಾಳಿ ಬೀಸಿ 21 ಅಂಗುಲ ಹಿಮ ಬಿದ್ದಿತು. ಸರೋವರದ ದಡದ ರಸ್ತೆಯಲ್ಲಿ ನೂರಾರು ಕಾರುಗಳು ರಾತ್ರಿಯೆಲ್ಲ ಹೂತುಹೋಗಿ ನಿಂತಿದ್ದವು. ನಾವು ಮೂರು ದಿನ ಮನೆ ಬಿಟ್ಟು ಕದಲಲಿಲ್ಲ. ಅಮ್ಮ ತನ್ನ ಕುರ್ಚಿಯಲ್ಲಿ ಕುಳಿತು ತನ್ನ ವಾಹಿನಿಯನ್ನೇ ನೋಡುತ್ತಿದ್ದಳು, ಆದರೆ ಮೊದಲಿನ ಉತ್ಸಾಹವಿರಲಿಲ್ಲ.

"ಏನಮ್ಮಾ, ನಿನ್ನ ಚಾನಲ್ ಏನು ಹೇಳುತ್ತದೆ?" ಎಂದು ಕೇಳಿದೆನು.

"ಅದು ಈಗ ನನ್ನದಲ್ಲಪ್ಪ" ಎಂದಳು. "ಬೆಳಿಗ್ಗೆ ಆ ಇನ್ನೊಂದು ಚಾನಲ್ಲಿನಲ್ಲಿ ಓದಿದ ಹುಡುಗಿಯೇ ಇಲ್ಲೂ ಓದುತ್ತಾಳೆ. ಪಾಪ, ಎರಡು ಮನೆ ಕೆಲಸ. ಹೇಳಿದ್ದನ್ನೇ ಹೇಳುತ್ತಾಳೆ. ನಮ್ಮ ಕಡೆಗೆ ಬರುವುದನ್ನು ಬಿಟ್ಟಿದ್ದಾರೆ."

ಪತ್ರಿಕೆಗಳ ಅರ್ಥಪುಟಗಳಲ್ಲಿ ಉದ್ದುದ್ದನೆಯ ಲೇಖನಗಳು ವಿವರಿಸಿದ್ದನ್ನು ಆಕೆ ಕಣ್ಣಿನಿಂದಲೇ ಕಂಡುಹಿಡಿದಿದ್ದಳು. 2007ರಲ್ಲಿ ಸ್ಯಾಮ್ ಜೆಲ್ ಎಂಬ ಧನಿಕರು ಟ್ರಿಬ್ಯೂನ್ ಸಂಸ್ಥೆಯನ್ನು ಸುಮಾರು 820 ಕೋಟಿ ಡಾಲರಿನ ವ್ಯವಹಾರದಲ್ಲಿ ಕೊಂಡಿದ್ದರು. ಅದರಲ್ಲಿ ಬಹುಭಾಗ ಸಾಲ, ಆ ಸಾಲದ ಹೊರೆ ಬಿದ್ದದ್ದು ಸಂಸ್ಥೆಯ ತಲೆಯ ಮೇಲೆಯೇ. ಅದೇ ವೇಳೆಗೆ ಪತ್ರಿಕೆಗಳ ಜಾಹೀರಾತು ಇಂಟರ್‌ನೆಟ್ಟಿಗೆ ಹರಿದುಹೋಗುತ್ತಿದ್ದಿತು. ಕೊಂಡು ಒಂದು ವರ್ಷ ತುಂಬುವುದರೊಳಗೆ, 2008ರ ಡಿಸೆಂಬರಿನಲ್ಲಿ, ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿತು. 2009ರಲ್ಲಿ ಓಕ್ ಬ್ರೂಕಿನ ಸುದ್ದಿಮನೆಯನ್ನು ಮುಚ್ಚಿ, ಸಿ.ಎಲ್.ಟಿ.ವಿ.ಯನ್ನು ನಗರದಲ್ಲಿದ್ದ ಡಬ್ಲ್ಯು.ಜಿ.ಎನ್. ಟೆಲಿವಿಷನ್ನಿನ ಕಟ್ಟಡಕ್ಕೆ ಸಾಗಿಸಿದರು. ಹೆಸರು ಉಳಿಯಿತು, ಒಲೆ ಒಂದಾಯಿತು. ಉಪನಗರಗಳ ನಡುವೆ ಕುಳಿತು ನಗರದ ಕಡೆಗೆ ನೋಡುತ್ತಿದ್ದ ವಾಹಿನಿ, ನಗರದಲ್ಲಿ ಕುಳಿತು ಉಪನಗರಗಳ ಕಡೆಗೆ ನೋಡತೊಡಗಿತು. ಆ ಅಂತರ ನಕ್ಷೆಯಲ್ಲಿ ಅಲ್ಪ.

ನ್ಯಾಯವಾಗಿ ಹೇಳಬೇಕಾದರೆ ದೋಷವೆಲ್ಲ ಸಾಲದ್ದಲ್ಲ. ಹವಾಮಾನವನ್ನೂ ರಸ್ತೆಯ ಸ್ಥಿತಿಯನ್ನೂ ತಿಳಿಯಲು ಜನರು ಜೇಬಿನ ಫೋನನ್ನು ನೋಡಲು ಕಲಿತಿದ್ದರು. ಕೇಬಲ್ ಸಂಪರ್ಕವನ್ನೇ ಬಿಡುವವರು ಹೆಚ್ಚುತ್ತಿದ್ದರು. ಆದರೆ ಇದೇ ಗಾಳಿಯಲ್ಲಿ ನ್ಯೂಯಾರ್ಕಿನ ಆ ಎರಡು ವಾಹಿನಿಗಳು ಉಳಿದವು. ಕಾರಣ ನನಗೆ ತೋರುವಂತೆ ಇಷ್ಟೇ: ಅವು ಕೇಬಲ್ ತಂತಿ ಎಳೆದವರ ಸ್ವಂತ ವಾಹಿನಿಗಳು. ಊರಿನ ಸುದ್ದಿ ಬೇಕಾದರೆ ನಮ್ಮ ತಂತಿಯನ್ನೇ ಇಟ್ಟುಕೊಳ್ಳಿ ಎಂದು ಗ್ರಾಹಕರನ್ನು ಹಿಡಿದಿಡಲು ಅವರಿಗೆ ಅದೊಂದು ಉಪಾಯ; ವಾಹಿನಿಯ ಲೆಕ್ಕದಲ್ಲಿ ನಷ್ಟವಾದರೂ ತಂತಿಯ ಲೆಕ್ಕದಲ್ಲಿ ತುಂಬಿಕೊಳ್ಳಬಹುದು. ಸಿ.ಎಲ್.ಟಿ.ವಿ. ಪತ್ರಿಕೆಯವರ ಮಗು, ಬದುಕಬೇಕಾದದ್ದು ಬೇರೆಯವರ ತಂತಿಯ ಮೇಲೆ. 2014ರಲ್ಲಿ ಟ್ರಿಬ್ಯೂನ್ ಸಂಸ್ಥೆ ಎರಡು ಪಾಲಾಗಿ, ಪತ್ರಿಕೆಗಳು ಒಂದು ಕಡೆಗೆ, ಟೆಲಿವಿಷನ್ ಮತ್ತೊಂದು ಕಡೆಗೆ ಹೋದಾಗ ಆ ತೌರೂ ತಪ್ಪಿತು. ಆರೆಂಜ್ ಕೌಂಟಿಯಲ್ಲಿ ಪತ್ರಿಕೆಯ ಸಂಸ್ಥೆಯೇ ಹುಟ್ಟಿಸಿದ್ದ ವಾಹಿನಿ 1998ರಲ್ಲಿಯೇ ಕಣ್ಣು ಮುಚ್ಚಿದ್ದಿತು.

2016ರಲ್ಲಿ ಅಮ್ಮ ತೀರಿಕೊಂಡಳು.

2019ರ ಸೆಪ್ಟೆಂಬರಿನಲ್ಲಿ ಟೆಕ್ಸಾಸಿನ ನೆಕ್ಸ್‌ಸ್ಟಾರ್ ಎಂಬ ಸಂಸ್ಥೆ ಟ್ರಿಬ್ಯೂನಿನ ಟೆಲಿವಿಷನ್ ಪಾಲನ್ನು ಕೊಂಡಿತು. ದೇಶದುದ್ದಗಲಕ್ಕೂ ನಿಲಯಗಳಿರುವ ಅಂತಹವರ ಖಾತೆಯಲ್ಲಿ ಈ ಪುಟ್ಟ ವಾಹಿನಿ ಒಂದು ಸಾಲು. ಆ ವರ್ಷದ ಡಿಸೆಂಬರ್ 31ರಂದು ಅದನ್ನು ನಿಲ್ಲಿಸಿದರು. ಒಂದು ಜನವರಿಯ ಮೊದಲ ದಿನ ಹುಟ್ಟಿ, ಒಂದು ಡಿಸೆಂಬರಿನ ಕೊನೆಯ ದಿನ ಹೋಯಿತು. ಇಪ್ಪತ್ತೇಳು ವರ್ಷ ಭರ್ತಿ. ಮೂರು ತಿಂಗಳು ಕಳೆಯುವಷ್ಟರಲ್ಲಿ ಕೊರೋನಾ ಬಂದು, 2020ರ ಮಾರ್ಚ್ 21ರಿಂದ ಇಲಿನಾಯ್ ರಾಜ್ಯದ ಜನರೆಲ್ಲ ಮನೆಯೊಳಗೇ ಇರಬೇಕೆಂದು ಆಜ್ಞೆಯಾಯಿತು. ಯಾವ ಊರಿನಲ್ಲಿ ಯಾವ ಅಂಗಡಿ ತೆರೆದಿದೆ, ಯಾವ ಆಸ್ಪತ್ರೆಯಲ್ಲಿ ಹಾಸಿಗೆಯಿದೆ, ಯಾವ ಬೀದಿಯ ಮುದುಕರ ಗತಿಯೇನು ಎಂದು ಪ್ರತಿ ಮನೆಯೂ ತಿಳಿಯಬಯಸಿದ ಕಾಲ ಅದು.

ಮೂರನೆಯ ಸಲ 2023ರಲ್ಲಿ ಹೋದಾಗ ನಾನೇ ಅಮ್ಮನ ಆ ಅರವತ್ತೆರಡು ವರ್ಷವನ್ನು ದಾಟಿದ್ದೆನು. ಅಣ್ಣ ನಿವೃತ್ತನಾಗಿದ್ದನು. ಅಮ್ಮನ ದಿನಚರಿ ಪುಸ್ತಕ ಟೆಲಿವಿಷನ್ನಿನ ಕೆಳಗಿನ ಖಾನೆಯಲ್ಲಿ ಹಾಗೆಯೇ ಇದ್ದಿತು. ಎಲ್ಗಿನ್ 88. ಅರೋರಾ 90. ಒಂದು ಬೆಳಿಗ್ಗೆ ಅಣ್ಣನಿಗೆ, "ಆ ಮನೆಯನ್ನು ಇನ್ನೊಮ್ಮೆ ನೋಡೋಣವೇ?" ಎಂದೆನು. ಹೊರಟೆವು.

ಯಾರ್ಕ್ ರಸ್ತೆಯಲ್ಲಿ ಅಣ್ಣ ಎರಡು ಸಲ ಕಾರನ್ನು ಹಿಂದಕ್ಕೆ ಮುಂದಕ್ಕೆ ತಿರುಗಿಸಿದನು. ಅಕ್ಕಪಕ್ಕದಲ್ಲಿ ಕಚೇರಿಗಳ ಕಟ್ಟಡಗಳು, ವೈದ್ಯರ, ವಿಮೆಯವರ ಹೆಸರುಗಳು. ಇದಿರಬಹುದು ಎಂದು ಅವನು ಒಂದನ್ನು ತೋರಿಸಿದನು. ಅಲ್ಲ, ಅದು ಎಂದು ನಾನು ಇನ್ನೊಂದನ್ನು ತೋರಿಸಿದೆನು. ಇಬ್ಬರಿಗೂ ನಿಶ್ಚಯವಿರಲಿಲ್ಲ.

ಅಲ್ಲಿಂದ ನಗರಕ್ಕೆ ಹೋಗಿ ಟ್ರಿಬ್ಯೂನ್ ಗೋಪುರವನ್ನು ನೋಡಿದೆವು. 1925ರಲ್ಲಿ ಕಟ್ಟಿ ಮುಗಿಸಿದ ಆ ಕಟ್ಟಡದ ಹೊರಗೋಡೆಗಳಲ್ಲಿ, ಪ್ರಪಂಚದ ಪ್ರಸಿದ್ಧ ಕಟ್ಟಡಗಳಿಂದ ತಂದ ಕಲ್ಲಿನ ತುಣುಕುಗಳನ್ನು ಹುದುಗಿಸಿದ್ದಾರೆ. ಕರ್ನಲ್ ಸಾಹೇಬರ ಖಯಾಲಿ. ಈಜಿಪ್ಟಿನ ಪಿರಮಿಡ್ಡಿನದೊಂದು, ಚೀನದ ಮಹಾಗೋಡೆಯದೊಂದು. ನಮ್ಮ ತಾಜಮಹಲಿನ ಚೂರನ್ನು ಹುಡುಕಿ ಮುಟ್ಟಿ ನೋಡಿದೆನು. ಪತ್ರಿಕೆ 2018ರಲ್ಲಿಯೇ ಆ ಗೋಪುರವನ್ನು ಬಿಟ್ಟಿದ್ದಿತು. ಈಗ ಅದು ಶ್ರೀಮಂತರ ವಾಸದ ಮನೆಗಳ ಕಟ್ಟಡ. ಬಾಗಿಲಿನವನು ನಮ್ಮನ್ನು ಮರ್ಯಾದೆಯಿಂದಲೇ ತಡೆದನು.

ಸಂಜೆ ಐಸೆನ್‌ಹೋವರ್ ಹೆದ್ದಾರಿಯ ಮೇಲೆ ಹಿಂದಿರುಗುತ್ತಿದ್ದೆವು. ಸ್ವಲ್ಪ ದೂರ ಬರುವಷ್ಟರಲ್ಲಿ ವಾಹನಗಳೆಲ್ಲ ನಿಂತವು. ಅಣ್ಣನ ಫೋನಿನ ನಕ್ಷೆಯಲ್ಲಿ ಮುಂದಿನ ದಾರಿ ಕೆಂಪಗೆ ಕಾಣುತ್ತಿದ್ದಿತು. ಅಪಘಾತದ ಗುರುತೊಂದು, ಪಕ್ಕದಲ್ಲಿ 18 ನಿಮಿಷ ತಡವೆಂಬ ಸೂಚನೆ. ಏನು ಮಗುಚಿತು, ಯಾರಿಗೆ ಪೆಟ್ಟಾಯಿತು, ಬದುಕಿದ್ದಾರೆಯೇ ಎಂಬುದಿಲ್ಲ. ಅಣ್ಣ ರೇಡಿಯೋ ತಿರುಗಿಸಿದನು. ಅಲ್ಲಿ ವಾಷಿಂಗ್ಟನ್ನಿನ ರಾಜಕೀಯ ನಡೆಯುತ್ತಿದ್ದಿತು. ಅದನ್ನು ಆರಿಸಿ, "ಅಮ್ಮ ಇದ್ದಿದ್ದರೆ ಹೊರಡುವ ಮುಂಚೆಯೇ ಸ್ಟೀವನ್‌ಸನ್ನಿನ ಮೇಲೆ ಬನ್ನಿ ಎನ್ನುತ್ತಿದ್ದಳು" ಎಂದನು.

ಇಪ್ಪತ್ತು ನಿಮಿಷಗಳ ಮೇಲೆ ದಾರಿ ತೆರೆಯಿತು. ಎಡಬಲಗಳನ್ನು ನೋಡುತ್ತಲೇ ಹೋದೆವು. ರಸ್ತೆಯ ಅಂಚಿನಲ್ಲಿ ಒಡೆದ ಗಾಜಿನ ಚೂರುಗಳು ಬಿದ್ದಿದ್ದವು. ಪೊಲೀಸಿನವನೊಬ್ಬನು ಅವುಗಳನ್ನು ಕಾಲಿನಿಂದ ಸರಿಸುತ್ತಿದ್ದನು. ಅಲ್ಲಿ ಏನಾಗಿದ್ದಿತೆಂಬುದು ನಮಗೆ ತಿಳಿಯಲಿಲ್ಲ.